ಮದಲೂರು ಕೆರೆಯ ಪಾಠ

ಅಮೀರುನ್ನೀಸಾ ಹಲಗೆಯ ಮೇಲಿನ ಮಣ್ಣಿನ ಮಾದರಿಗೆ ಹೊದಿಸಿದ್ದ ಒದ್ದೆ ಬಟ್ಟೆ ಸರಿಸುವ ಮೊದಲೇ ಮೂರನೇ ಕ್ಲಾಸಿನ ಮಕ್ಕಳೆಲ್ಲ ಕೂಗಿದವು: “ಮದಲೂರು ಕೆರೆ.”

ಅವಳ ಕೈ ನಿಂತಿತು. “ಹೆಂಗೆ ಗೊತ್ತಾಯ್ತು?”

“ನೆನ್ನೆ ಜಗದಾಂಬಕ್ಕಾರು ಮಾಡಿದ್ರಲ್ಲ. ಪರಂಗಿ ದಂಟಿಂದು ತೂಬು, ಅದ್ರಾಗೆ ನೀರು ಬರ್ತದೆ,” ಎಂದಳು ಮುಂದೆ ಕೂತಿದ್ದ ಹುಡುಗಿ. “ಕೋಡಿ ಬೀಳ್ಸಿ ಅಕ್ಕಾ, ಅದೇ ಚೆಂದ.”

ಇದು ಟೀಚರ್ ಟ್ರೈನಿಂಗಿನ ಕೊನೆಯ ಪರೀಕ್ಷಾ ಪಾಠ. ಪಾಸಾದರೆ ಸ್ಕೂಲಿನ ಕೆಲಸ. ಇಲ್ಲದಿದ್ದರೆ ಮಧುಗಿರಿಯಿಂದ ಶಿರಾಕ್ಕೆ ವಾಪಸು, ಚಿಕ್ಕಪ್ಪ ಬಾಷಾ ಸಾಬರು ಗೊತ್ತುಮಾಡಿದ ನಿಕಾ. ಒಂದೇ ವರ್ಷ ಓದಿಸುವುದೆಂದು ಅವರು ಮೊದಲೇ ಹೇಳಿದ್ದರು.

ಮದಲೂರು ಅವಳ ಅಜ್ಜಿಯ ಊರು. ಪಾಠ ಮಾಡುವುದೇ ಬರುವುದಿಲ್ಲವೆಂದು ಜೊತೆಯಲ್ಲಿ ಓದುವ ಜಗದಾಂಬ ಹಾಸ್ಟೆಲಿನಲ್ಲಿ ಅತ್ತಾಗ, ಮಣ್ಣಿಗೆ ಹೊಟ್ಟು ಕಲಸುವುದು, ಯಾವ ಜಾಗದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದು, ಎಲ್ಲ ಅಮೀರುನ್ನೀಸಾಳೇ ತನ್ನ ಈ ಕೆರೆಯ ಪಾಠದಲ್ಲಿ ತೋರಿಸಿಕೊಟ್ಟಿದ್ದಳು. ನೆನ್ನೆಯ ತನ್ನ ಪರೀಕ್ಷೆಗೆ ಜಗದಾಂಬ ಹತ್ತಿಗಿಡದ ಪಾಠ ಮಾಡುತ್ತೇನೆಂದಿದ್ದಳು.

“ಏನಮ್ಮ, ಗೆಳತಿ ಪಾಠಾನೇ ಎತ್ಕೊಂಡು ಬಂದ್ಬುಟ್ಯಲ್ಲ,” ಎಂದರು ಪರೀಕ್ಷಕ ಸಿದ್ದಗಂಗಯ್ಯ. “ಮಣ್ಣು ಮೆತ್ತೋದು ಯಾರಾದ್ರೂ ಕಲೀಬೌದು. ಪಾಠ ನಿನ್ ತಲೇಲಿ ಹುಟ್ಬೇಕು.”

ಅವಳು ಹಿಂದಿನ ಬೆಂಚಿನತ್ತ ನೋಡಿದಳು. ಜಗದಾಂಬ ಪೆನ್ನಿನ ಕ್ಯಾಪು ತಿರುಗಿಸುತ್ತಿದ್ದಳು. ಅವಳ ಒಂದು ಮಾತು ಸಾಕಿತ್ತು. ಅಮೀರುನ್ನೀಸಾ ಕಾದಳು. ಪೆನ್ನಿನ ಕ್ಯಾಪು ತಿರುಗುತ್ತಲೇ ಇತ್ತು.

ಆಮೇಲೆ ಪಾಠ ಮಾಡಿದಳು. ಪ್ರಶ್ನೆ ಬಾಯಿಂದ ಹೊರಡುವ ಮೊದಲೇ ಉತ್ತರ ಬರುತ್ತಿತ್ತು. ಸಿದ್ದಗಂಗಯ್ಯ ಬೆಲ್ಲಿಗೆ ಕಾಯದೆ ಎದ್ದರು. “ಮುಂದಿನ ವರ್ಷ ಇನ್ನೊಂದ್ಸಲ ಕಟ್ಟಮ್ಮ.”

ಕೋಣೆ ಖಾಲಿಯಾದ ಮೇಲೆ ಜಗದಾಂಬ ಹತ್ತಿರ ಬಂದಳು.

“ನಿಂಗೆ ಇನ್ನೊಂದು ಹೊಳೀತದೆ ಅಂದ್ಕೊಂಡೆ ಕಣೆ. ನನ್ ತಲೆಗೆ ಏನೂ ಬರ್ಲಿಲ್ಲ.”

“ನೆನ್ನೆ ಬಂದು ಹೇಳ್ಬೌದಿತ್ತು.”

“ಹೇಳಿದ್ರೆ ನೀನು ಬೈತಿರ್ಲಿಲ್ಲ. ಅದ್ಕೇ ಹೇಳಕ್ಕಾಗ್ಲಿಲ್ಲ.”

ಅಮೀರುನ್ನೀಸಾ ಮಣ್ಣೂ ನೀರೂ ತುಂಬಿದ ಹಲಗೆಯನ್ನು ಒಬ್ಬಳೇ ಎತ್ತಲು ನೋಡಿದಳು. ಒಂದು ಕಡೆ ಮಾತ್ರ ಎದ್ದಿತು. ಜಗದಾಂಬ ಇನ್ನೊಂದು ಕಡೆ ಕೈ ಹಾಕಿದಳು. ನೀರು ತುಳುಕದಂತೆ ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕಾಯಿತು. ಜಗದಾಂಬ ಹಿಮ್ಮುಖವಾಗಿ ನಡೆಯುತ್ತಿದ್ದಳು, ಕಣ್ಣೆತ್ತುತ್ತಿರಲಿಲ್ಲ. ಬಾಗಿಲು ದಾಟಿದರು. ಜಗಲಿಯ ಅಂಚು ಅವಳ ಹಿಮ್ಮಡಿಗೆ ಸಮೀಪವಾಗುತ್ತಿತ್ತು. ಅಮೀರುನ್ನೀಸಾ ಅದನ್ನೇ ನೋಡುತ್ತ ಎರಡು ಹೆಜ್ಜೆ ಸುಮ್ಮನೆ ಇಟ್ಟಳು.

“ಮೆಟ್ಲು,” ಎಂದಳು.