ಹಾಳೆ ಜೋಡಿಸಿದ ತಪ್ಪಿಗೆ

ಯಾರೋ ಕೆಮ್ಮಿದರು, ಟ್ರಿಬ್ಯೂನಲ್‌ನ ಈ ಹಜಾರದಲ್ಲಿ ಕೆಮ್ಮುವುದೂ ಎಷ್ಟು ಮೆಲ್ಲಗೆ, ಕೆಮ್ಮಿದ್ದನ್ನೂ ಎಲ್ಲಿ ಬರೆದುಕೊಂಡುಬಿಡುತ್ತಾರೋ ಅನ್ನುವ ಹಾಗೆ — ಬರೆದುಕೊಳ್ಳಲಿ, ಇರುವ ಕೆಮ್ಮನ್ನು ಇದೆ ಅಂತ ಬರೆದರೆ ಅದು ಅವರ ಪುಣ್ಯ, ನಮ್ಮ ಭತ್ಯೆಯ ಕಾಗದದಲ್ಲಿ ಇರುವುದೆಲ್ಲ ಇಲ್ಲ ಅಂತಲೇ ಬರೆದಿದೆ, ನಡೆಯಲು ತೊಂದರೆ ಇಲ್ಲ, ಊಟಕ್ಕೆ ತೊಂದರೆ ಇಲ್ಲ, ಬಟ್ಟೆ ತೊಡಲು ತೊಂದರೆ ಇಲ್ಲ, ಓದುತ್ತಾ ಹೋದರೆ ನನ್ನ ತಮ್ಮನಷ್ಟು ಗಟ್ಟಿಮುಟ್ಟಾದ ಗಂಡಸು ಊರಲ್ಲೇ ಇಲ್ಲ, ಆ ಗಟ್ಟಿಮುಟ್ಟಾದ ಗಂಡಸು ಇಲ್ಲೇ ನನ್ನ ಪಕ್ಕದಲ್ಲಿ ಕೂತಿದ್ದಾನೆ, ಊರುಗೋಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು. ಕೈ ಹೊರಗಿಡೋ, ನಡುಗೋದು ಕಾಣಲಿ, ಕಾಣಲಿ ಅಂತಲೇ ಅಲ್ವಾ ಬಂದಿರೋದು, ಅಂದರೆ, ಎಲ್ಲಾ ನೋಡ್ತಾರಲ್ಲಕ್ಕ ಅನ್ನುತ್ತಾನೆ. ಐವತ್ತೊಂಬತ್ತು ವರ್ಷದವನು, ಮೂವತ್ತಮೂರು ವರ್ಷ ಪುಸ್ತಕಕ್ಕೆ ಬೈಂಡು ಹಾಕಿದವನು, ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಗೋಂದಣ್ಣ, ಹತ್ತಿರ ಬಂದರೆ ಅಂಟಿನ ವಾಸನೆ, ಉಗುರಿನ ಸಂದಿಯಲ್ಲಿ ಅಂಟು, ಆಮೇಲೆ ನರಗಳು ಸೋಲುತ್ತಾ ಬಂದವು, ಮೊದಲು ಬೆರಳು, ಆಮೇಲೆ ಪಾದ, ಕೆಲಸ ಬಿಟ್ಟ, ಅಂಗವಿಕಲರ ಭತ್ಯೆ ಕೊಟ್ಟರು, ಆ ಭತ್ಯೆಯಿಂದ ಬೆಳಿಗ್ಗೆ ಏಳಕ್ಕೆ ಒಬ್ಬಾಕೆ ಮನೆಗೆ ಬಂದು ಎಬ್ಬಿಸಿ, ಸ್ನಾನ ಮಾಡಿಸಿ, ಏನ್ ಗೋಂದಣ್ಣ ಹಾಸಿಗೆಗೇ ಅಂಟ್ಕೊಂಡುಬಿಟ್ರಲ್ಲ ಎಂದು ನಗಿಸಿ, ಕುರ್ಚಿಗೆ ತಂದು ಕೂರಿಸುತ್ತಿದ್ದಳು. ಭತ್ಯೆ ನಿಲ್ಲಿಸಿ ಎಂಟು ತಿಂಗಳು, ಅವಳು ಇನ್ನೂ ಬರುತ್ತಾಳೆ, ಆದಾಗ ಕೊಡಿ ಅಮ್ಮಾ ಅನ್ನುತ್ತಾಳೆ, ಆದರೆ ಈ ತಿಂಗಳ ಕೊನೆಯವರೆಗೆ ಅಷ್ಟೇ, ಅವಳಿಗೂ ಸಂಸಾರವಿದೆ, ನನಗೋ ಎಪ್ಪತ್ತೆರಡು, ಬಲಭುಜ ಮೇಲೇಳುವುದಿಲ್ಲ, ಅವಳು ಬಾರದ ಒಂದು ದಿನ ನಾನೇ ಎತ್ತಲು ಹೋಗಿ ಇಬ್ಬರೂ ಬಚ್ಚಲಲ್ಲಿ ಜಾರಿ ಕೂತು, ಮೊದಲು ನಕ್ಕೆವು, ಏಳಲಾಗುವುದಿಲ್ಲ ಅಂತ ಗೊತ್ತಾದ ಮೇಲೆ ನಗು ನಿಂತಿತು. ಅವಳು ಬಿಟ್ಟರೆ ಇನ್ನು ಆರೈಕೆ ಕೇಂದ್ರ, ಊರಾಚೆ, ಕೋಣೆಗೆ ಆರು ಮಂಚ, ಅದರ ಅರ್ಜಿ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ, ಅವನಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ, ಮೊನ್ನೆ ಊಟದ ನಡುವೆ ಕೇಳಿದ, ಅಕ್ಕಾ, ಅಲ್ಲಿ ಕಿಟಕಿ ಪಕ್ಕದ ಮಂಚ ಕೇಳಿದ್ರೆ ಕೊಡ್ತಾರಾ.

ಎಲ್ಲಾ ಆ ಹಾಳೆಗಳಿಂದ. ಭತ್ಯೆ ಮುಂದುವರಿಸಬೇಕೋ ಬೇಡವೋ ಅಂತ ಪರೀಕ್ಷೆ ಮಾಡಲು ಇಲಾಖೆಯಿಂದ ಮನೆಗೆ ಬಂದವಳು ಒಳ್ಳೆಯ ಹುಡುಗಿಯೇ, ಬಾಗಿಲಲ್ಲಿ ಕಾಲು ಒರೆಸಿಕೊಂಡು ಬಂದಳು, ನೀವು ಏಳ್ಬೇಡಿ ಆಂಟಿ ಅಂದಳು, ಪಾಪ ಬಿಸಿಲಲ್ಲಿ ಬಂದಿದ್ದಾಳೆ ಅಂತ ನೀರು ಕೊಟ್ಟೆ, ಲೋಟ ಇಡಲು ಜಾಗ ಮಾಡಿಕೊಳ್ಳುವಾಗ ಅವಳ ಫೈಲಿನ ಕ್ಲಿಪ್ಪು ಸಡಿಲಗೊಂಡು ಐವತ್ತು ಹಾಳೆ ಮೇಜಿನ ಮೇಲೆಲ್ಲ ಹರಡಿಕೊಂಡವು, ಅಯ್ಯೋ ಅಂದಳು, ಅಷ್ಟೇ ಸಾಕಾಯಿತು, ಇವನ ಕೈ ಹೊರಟೇಬಿಟ್ಟಿತು. ಹಾಳೆ ಚೆಲ್ಲಾಪಿಲ್ಲಿಯಾಗಿದ್ದರೆ ಅವನಿಗೆ ತಡೆಯುವುದಿಲ್ಲ, ಅಂಚು ಮಿಕ್ಕಿದ ಕಟ್ಟು ಕಂಡರೆ ಊಟ ರುಚಿಸುತ್ತಿರಲಿಲ್ಲ ಅವನಿಗೆ, ಎಲ್ಲವನ್ನೂ ಮುಂಗೈಯಿಂದ ಬಾಚಿ ಎಳೆದುಕೊಂಡ, ಗಲ್ಲವನ್ನೂ ಒತ್ತು ಕೊಟ್ಟ, ಒಂದು ತುದಿ ಬಾಗಿಸಿ ಊದಿದ, ಹಾಳೆಗಳ ನಡುವೆ ಗಾಳಿ ಹೋಗಬೇಕಂತೆ, ಆಮೇಲೆ ಉದ್ದದ ಅಂಚನ್ನು ಮೇಜಿಗೆ ಕುಟ್ಟಿ, ತಿರುಗಿಸಿ, ಅಡ್ಡದ ಅಂಚು ಕುಟ್ಟಿ, ಮತ್ತೆ ತಿರುಗಿಸಿ — ಬೆವರು ಮೂಗಿನ ತುದಿಗೆ ಬಂದಿತ್ತು, ನಾನು ಸುಮ್ಮನೆ ಕೂತಿದ್ದೆ, ಯಾಕೆ ಸುಮ್ಮನೆ ಕೂತೆ, ಅವನ ಮುಖ ನೋಡುತ್ತಾ ಕೂತೆ, ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಕೆಲಸ ಬಂದಿತ್ತು, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ಕಟ್ಟು ನಿಂತಿತು. ಥ್ಯಾಂಕ್ಸ್ ಅಂಕಲ್ ಅಂದಳು, ಮನಸ್ಸಿನಿಂದಲೇ ಅಂದಳು. ಆ ರಾತ್ರಿ ಚಮಚ ಹಿಡಿಯಲಾಗಲಿಲ್ಲ, ಎರಡು ದಿನ ನಾನೇ ತಿನ್ನಿಸಿದೆ, ಎರಡನೆಯ ದಿನ ತುತ್ತು ನುಂಗಿ ಕೇಳುತ್ತಾನೆ, ಕಟ್ಟು ಮಾತ್ರ ಚೆನ್ನಾಗಿ ಕೂತಿತ್ತು ಅಲ್ವೇನಕ್ಕ. ಕೂತಿತ್ತು ಕಣೋ, ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ವರದಿಯ ಇಪ್ಪತ್ತೇಳನೆಯ ಪುಟದಲ್ಲಿ ಬರೆದಿದ್ದಾಳೆ, ಎರಡೂ ಕೈಗಳ ಬೆರಳುಗಳ ಸೂಕ್ಷ್ಮ ಹಿಡಿತ ಉತ್ತಮವಾಗಿದೆ, ಸುಮಾರು ಐವತ್ತು ಹಾಳೆಗಳನ್ನು ಯಾರ ಸಹಾಯವೂ ಇಲ್ಲದೆ ಜೋಡಿಸಿಕೊಟ್ಟರು. ಬೆವರು ಬರೆದಿಲ್ಲ, ಗಲ್ಲ ಬರೆದಿಲ್ಲ, ಥ್ಯಾಂಕ್ಸ್ ಅಂದದ್ದೂ ಬರೆದಿಲ್ಲ.

ಬಾಗಿಲು ತೆರೆಯಿತು, ನಮ್ಮ ಸರದಿಯಲ್ಲ, ಬೇರೆ ಯಾರೋ ಕಣ್ಣೊರೆಸಿಕೊಂಡು ಬಂದರು, ಕಾವಲಿನ ಹೆಂಗಸು ತನ್ನ ಕುರ್ಚಿ ಬಿಟ್ಟುಕೊಟ್ಟಳು ಅವರಿಗೆ, ಎದ್ದು ನಿಂತು ಗೋಡೆ ನೋಡತೊಡಗಿದಳು. ಇಂಥದ್ದು ಕಂಡರೆ ಮೊದಲೆಲ್ಲ ನನಗೆ ದಿನವಿಡೀ ಹಿತವಾಗುತ್ತಿತ್ತು. ಈಗ ಹೆದರಿಕೆ. ಯಾಕೆಂದರೆ ಅವನಿಗೆ ಜನ ಮಾಡಿದ ಉಪಕಾರವೆಲ್ಲ ಆ ವರದಿಯಲ್ಲಿ ಅವನ ಶಕ್ತಿಯಾಗಿ ಕೂತಿದೆ — ವಾರಕ್ಕೊಮ್ಮೆ ಅಂಗಡಿಗೆ ಹೋಗಿಬರುತ್ತಾರೆ, ಹೌದು ಹೋಗುತ್ತಾನೆ, ಅಂಗಡಿಯವನು ಗಲ್ಲಾ ಬಿಟ್ಟು ಎದ್ದು ಬಂದು ಇವನ ಜೇಬಿನಿಂದ ಚೀಟಿ ತೆಗೆದು ಸಾಮಾನು ಕಟ್ಟಿ ಚೀಲವನ್ನು ಕೊರಳಿಗೆ ಹಾಕಿ ಕಳಿಸುತ್ತಾನೆ, ಮೆಟ್ಟಿಲು ಇಳಿಯಬಲ್ಲರು, ಇಳಿಯುತ್ತಾನೆ, ಕೆಳಗಿನ ಮನೆಯಾಕೆ ಆ ಹೊತ್ತಿಗೆ ಸರಿಯಾಗಿ ಪೊರಕೆ ಹಿಡಿದು ಬಂದು ಅವನಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತು ಗುಡಿಸಿದ ಜಾಗವನ್ನೇ ಗುಡಿಸುತ್ತಾಳೆ, ಬಿದ್ದರೆ ಹಿಡಿಯೋಣವೆಂದು, ಅವನಿಗೆ ಗೊತ್ತಾಗಬಾರದೆಂದು, ಅಚ್ಚುಕಟ್ಟಾಗಿ ಬಟ್ಟೆ ಧರಿಸಿದ್ದರು, ಧರಿಸದೆ ಏನು, ಗುಂಡಿ ಹಾಕಿದವಳು ನಾನು, ತಲೆ ಬಾಚಿದವಳು ನಾನು, ಮನೆಗೆ ಯಾರಾದರೂ ಬರುತ್ತಾರೆ ಅಂದರೆ ತಮ್ಮನನ್ನು ಹೇಗಿದ್ದಾನೋ ಹಾಗೇ ಕೂರಿಸಲು ನನಗೆ ಯಾವ ಅಮ್ಮ ಕಲಿಸಿದ್ದಳು. ಕಷ್ಟ ಎಷ್ಟಿದೆ ಅಂತ ಅಂಕ ಹಾಕಿದರಂತೆ, ಇಪ್ಪತ್ತು ಬಂದಿದ್ದರೆ ಭತ್ಯೆ, ಇವನಿಗೆ ಆರು. ಸ್ಕೂಲಲ್ಲೂ ಬರಲಿಲ್ಲ, ಇಲ್ಲೂ ಬರಲಿಲ್ಲ ನೋಡಕ್ಕ, ನನ್ನ ಹಣೆಗೆ ಅಂಕ ಅನ್ನೋದೇ ಬರೆದಿಲ್ಲ, ಎಂದು ನಕ್ಕ. ಕೆಳಗಿನ ಟ್ರಿಬ್ಯೂನಲ್‌ಗೆ ಮೇಲ್ಮನವಿ ಹಾಕಿದೆ, ಮೂರು ಜನ, ಒಂದು ಮೇಜು, ಹನ್ನೊಂದು ನಿಮಿಷ, ಹಾಳೆ ಜೋಡಿಸಿದ್ದು ನೀವೇ ತಾನೆ, ಹೌದು ಸಾರ್, ಯಾರೂ ಸಹಾಯ ಮಾಡಲಿಲ್ಲ ತಾನೆ, ಇಲ್ಲ ಸಾರ್ — ಅದರಲ್ಲಿ ಹೆಮ್ಮೆ ಬೇರೆ ಧ್ವನಿಯಲ್ಲಿ — ಸರಿ, ಮುಗಿಯಿತು. ಈಗ ಅದಕ್ಕೂ ಮೇಲಿನ ಟ್ರಿಬ್ಯೂನಲ್, ಹಣ ಕೇಳದ ವಕೀಲೆ ಒಬ್ಬಳು ಸಿಕ್ಕಿದ್ದಾಳೆ, ನನ್ನ ಹಳೆಯ ವಿದ್ಯಾರ್ಥಿನಿ ಯಾರಾದರೊಬ್ಬಳ ಮಗಳಾಗುವ ವಯಸ್ಸು, ಬಿಡಿಸಿ ಹೇಳಿದಳು, ಅಮ್ಮಾ, ಇಲ್ಲಿ ಅವ್ರಿಗೆ ಎಷ್ಟು ಕಷ್ಟ ಇದೆ ಅಂತ ಕೇಳೋದೇ ಇಲ್ಲ, ಕೆಳಗಿನವ್ರು ಕಾನೂನು ತಪ್ಪಿದಾರಾ ಅಂತ ಮಾತ್ರ ನೋಡ್ತಾರೆ. ಕಷ್ಟ ಕೇಳದ ಜಾಗಕ್ಕೆ ಕಷ್ಟಪಟ್ಟು ಬಂದಿದ್ದೇವೆ. ಎಲ್ಲಿ ತಪ್ಪಿದರು ಅಂತ ಹುಡುಕುತ್ತಾ ಅವಳೂ ನಾನೂ ಮೂರು ಸಂಜೆ ಕೂತೆವು, ನಾನು ನನ್ನಷ್ಟಕ್ಕೆ ಗೊಣಗಿದೆ, ನಾನು ಪಾಠ ಹೇಳುತ್ತಿದ್ದ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಯಾವ ಹುಡುಗಿಯಾದರೂ ಒಂದೇ ಒಂದು ರೀಡಿಂಗ್ ತೆಗೆದುಕೊಂಡು ಬಂದರೆ ನಾನು ಸಹಿ ಹಾಕುತ್ತಿರಲಿಲ್ಲ, ಹೋಗಮ್ಮಾ, ಮೂರು ಸಲ ತೆಗಿ, ಎರಡಾದರೂ ಒಂದೇ ಬರಬೇಕು, ಒಂದು ಸಲ ಬಂದಿದ್ದು ಬಂದ ಹಾಗಲ್ಲ — ವಕೀಲೆ ತಲೆ ಎತ್ತಿದಳು, ಇನ್ನೊಂದ್ಸಲ ಹೇಳಿ ಅಮ್ಮಾ ಅಂದಳು. ಇತ್ತಂತೆ, ನಿಯಮದಲ್ಲೇ ಇತ್ತಂತೆ, ಒಂದು ಕೆಲಸ ಆಗುತ್ತದೆ ಅನ್ನಬೇಕಾದರೆ ಮತ್ತೆ ಮತ್ತೆ ಆಗಬೇಕು, ಮಾಡಿದ ಮೇಲೆ ಮಲಗುವ ಹಾಗಾಗಬಾರದು, ಅದನ್ನು ಕೆಳಗಿನ ಮೂವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಕರೆದರು. ಕೋಲು ಮೊದಲು, ಬಲಗಾಲು, ಎಡಗಾಲು, ನಾನು ತೋಳು ಹಿಡಿದೆ, ಒಳಗೆ ಮೇಜಿನ ಹಿಂದೆ ಈ ಸಲ ಅಧ್ಯಕ್ಷರು ಒಬ್ಬರೇ ಕೂತಿದ್ದರು, ಮುಂದೆ ನಮ್ಮ ಹೆಸರಿನ ದಪ್ಪ ಕಟ್ಟು, ಅಂಚು ಸರಿಯಿಲ್ಲ, ತಮ್ಮನ ಕಣ್ಣು ನೇರ ಅಲ್ಲಿಗೇ ಹೋಯಿತು, ಬೇಡ, ಎಂದು ಅವನ ಮಣಿಕಟ್ಟು ಒತ್ತಿದೆ, ಮುಟ್ಟಬೇಡ ಮಾರಾಯ. ವಕೀಲೆ ಮಾತಾಡಿದಳು, ಚಿಕ್ಕ ಚಿಕ್ಕ ವಾಕ್ಯ, ಎಷ್ಟು ಸಲ ಮಾಡಬಲ್ಲರು ಎಂದು ಕೇಳಿದ ದಾಖಲೆ ಇಲ್ಲ, ಆಮೇಲೆ ಏನಾಯಿತೆಂದು ಕೇಳಿದ ದಾಖಲೆ ಇಲ್ಲ, ಇಲಾಖೆಯ ವಕೀಲರು ಎದ್ದು, ಅರ್ಜಿದಾರರೇ ಹೌದೆಂದು ಒಪ್ಪಿದ್ದಾರೆ ಅಂದರು, ನನಗೆ ಎರಡು ದಿನ ತುತ್ತು ಕೊಟ್ಟದ್ದನ್ನು ಹೇಳಬೇಕಿತ್ತು, ಬಾಯಿ ತೆರೆದೆ, ಅದು ಸಂಗತಿ, ಕಾನೂನಲ್ಲ, ಇಲ್ಲಿ ಬೇಡ, ಎಂದು ಅಧ್ಯಕ್ಷರು ಸಮಾಧಾನದಿಂದಲೇ ಅಂದರು, ಸಂಗತಿ ಬೇಡವಂತೆ, ಎಂಟು ತಿಂಗಳಿಂದ ಹೊತ್ತುಕೊಂಡು ತಿರುಗಿದ್ದು ಸಂಗತಿಯನ್ನೇ. ಆಮೇಲೆ ಅವರು ಕನ್ನಡಕ ತೆಗೆದು ಓದಿದರು, ಕೆಳಗಿನ ಟ್ರಿಬ್ಯೂನಲ್ ಕೇಳಲೇಬೇಕಾದ ಪ್ರಶ್ನೆ ಕೇಳಿಲ್ಲ, ತೀರ್ಮಾನ ರದ್ದು. ರದ್ದು! ಅವನು ಮೊಣಕೈಯಿಂದ ನನ್ನನ್ನು ತಿವಿದ, ಗೆದ್ವಾ ಅಕ್ಕಾ, ಗೆದ್ವಿ ಕಣೋ, ಅಂದೆ, ಅಷ್ಟರಲ್ಲಿ ಅವರು ಮುಂದಿನ ಸಾಲು ಓದುತ್ತಿದ್ದರು, ಹೊಸದಾಗಿ ಪರೀಕ್ಷಿಸಿ ಹೊಸದಾಗಿ ತೀರ್ಮಾನಿಸಲು ವಾಪಸು ಕಳುಹಿಸಲಾಗಿದೆ.

ಹೊಸದಾಗಿ ಅಂದರೆ ಏನಮ್ಮಾ, ಹೊರಗೆ ಬಂದು ವಕೀಲೆಯನ್ನು ಕೇಳುತ್ತೇನೆ, ಅಂದರೆ ಮತ್ತೆ ಮನೆಗೆ ಬರ್ತಾರೆ ಅಮ್ಮಾ, ಮತ್ತೆ ನೋಡ್ತಾರೆ, ಆರು ವಾರ ಆಗ್ಬಹುದು, ಅಲ್ಲೀವರೆಗೆ ಭತ್ಯೆ, ಅಂದೆ, ಅಲ್ಲೀವರೆಗೆ ಇಲ್ಲ ಅಮ್ಮಾ, ಅಂದಳು. ಆರು ವಾರ, ತಿಂಗಳ ಕೊನೆಗೆ ಇರುವುದು ಒಂಬತ್ತು ದಿನ, ಬೆಳಿಗ್ಗೆ ಬರುವಾಕೆಯ ಹತ್ತಿರ ಇನ್ನೊಂದು ತಿಂಗಳು ಅಂತ ಯಾವ ಮುಖ ಹೊತ್ತು ಕೇಳಲಿ, ಕೇಳಿದರೆ ಇಲ್ಲ ಅನ್ನಲಾರಳು, ಅದಕ್ಕೇ ಕೇಳಬಾರದು, ಕೇಳುತ್ತೇನೆ, ಕೇಳದೆ ಇನ್ನೇನು ಮಾಡಲಿ. ವಕೀಲೆ ನನ್ನ ಭುಜದ ಮೇಲೆ, ನೋವಿಲ್ಲದ ಎಡಭುಜದ ಮೇಲೆ, ಅದನ್ನೂ ನೆನಪಿಟ್ಟುಕೊಂಡಿದ್ದಾಳೆ, ಕೈ ಇಟ್ಟು ಹೇಳಿದಳು, ಒಂದೇ ಮಾತಮ್ಮ, ಈ ಸಲ ನೀವು ಸಹಾಯ ಮಾಡ್ಬೇಡಿ, ಗುಂಡಿ ಹಾಕ್ಬೇಡಿ, ಎತ್ತಿ ಕೊಡ್ಬೇಡಿ, ಆಗದೇ ಇರೋದು ಆಗ್ದೇ ಇರೋ ಹಾಗೇ ಕಾಣ್ಲಿ. ತಲೆಯಾಡಿಸಿದೆ, ಅವಳು ಮುಂದಿನ ಕೇಸಿಗೆ ಓಡಿದಳು, ನಾವು ಹೊರಟೆವು, ಕೋಲು, ಬಲಗಾಲು, ಎಡಗಾಲು, ಹಜಾರದ ಕೊನೆಗೆ ಗಾಜಿನ ಬಾಗಿಲು, ಭಾರದ್ದು, ತಾನಾಗಿ ಮುಚ್ಚಿಕೊಳ್ಳುವಂಥದ್ದು, ನನ್ನ ಎಡಗೈ ಮುಂದೆ ಹೋಗಿಬಿಟ್ಟಿತ್ತು, ಹಿಂದಕ್ಕೆಳೆದು ಕೈಚೀಲದೊಳಗೆ ತುರುಕಿಕೊಂಡೆ. ನೀನೇ ತೆಗಿ ಅಂದೆ. ನಾನಾ, ಅಂದ. ಹ್ಞೂ, ನೀನೇ. ಕೋಲನ್ನು ಕಂಕುಳಿಗೆ ಒತ್ತಿಕೊಂಡು ಅಂಗೈ ಇಟ್ಟ, ಬಾಗಿಲು ಒಂದು ಬೆರಳಗಲ ತೆರೆಯಿತು, ಮುಚ್ಚಿಕೊಂಡಿತು. ಎರಡನೆಯ ಸಲ ಭುಜ ಕೊಟ್ಟ, ಒಂದು ಬೆರಳಗಲ, ಮುಚ್ಚಿಕೊಂಡಿತು. ಎರಡೂ ಒಂದೇ ಬಂತು, ಸಹಿ ಹಾಕಬಹುದು, ಯಾರು ಹಾಕುತ್ತಾರೆ, ಇಲ್ಲಿ ಯಾರೂ ಬರೆದುಕೊಳ್ಳುತ್ತಿಲ್ಲ, ನಾನು ಯಾಕೆ ಹೀಗೆ ಮಾಡುತ್ತಿದ್ದೇನೆ, ಅಭ್ಯಾಸವಾಗಲಿ ಅಂತ, ಅವನಿಗಲ್ಲ, ನನಗೆ. ಹಿಂದಿನಿಂದ ಒಬ್ಬರು ಬಂದರು, ಕೈ ತುಂಬ ಫೈಲು, ಅದರಲ್ಲೂ ಒಂದು ಕೈ ಬಿಡಿಸಿಕೊಂಡು, ಇರಿ ಸಾರ್ ನಾನು ತೆಗೀತೀನಿ ಎಂದು ಚಾಚಿದರು, ಬೇಡ, ಅಂದೆ, ಬಿಡಿ, ಬೇಡ, ನನ್ನ ಧ್ವನಿ ಅಷ್ಟು ಒರಟಾಗಿ ನಾನೇ ಕೇಳಿರಲಿಲ್ಲ, ಅವರು ಸುಟ್ಟುಕೊಂಡವರಂತೆ ಕೈ ಹಿಂತೆಗೆದುಕೊಂಡರು, ತಮ್ಮ ತಿರುಗಿ ನನ್ನನ್ನು ನೋಡಿದ, ಮತ್ತೆ ಗಾಜಿನ ಕಡೆ ತಿರುಗಿ ಅಂಗೈ ಇಟ್ಟ, ನಾನು ಕೈಚೀಲದೊಳಗೆ ನನ್ನ ಬೆರಳುಗಳನ್ನು ನಾನೇ ಹಿಡಿದುಕೊಂಡು ನಿಂತಿದ್ದೇನೆ, ಬಾಗಿಲು ಒಂದು ಬೆರಳಗಲ, ಮುಚ್ಚಿಕೊಂಡಿತು, ಒಂದು ಬೆರಳಗಲ, ಮುಚ್ಚಿಕೊಂಡಿತು, ಒಂದು ಬೆರಳಗಲ