ಸೈಲೆನ್ಸರಿಗೊಂದು ತೂತು

ಹೆಂಡತಿಯಿಂದ ಬೇರೆಯಾದ ಮೇಲೆ ಟೇಲರ್ ಮಾಡಿದ ಮೊದಲ ಕೆಲಸವೆಂದರೆ ಒಂದು ಹಳೆಯ ಬೈಕು ಕೊಂಡದ್ದು. ಬೈಕಿನ ಅಗತ್ಯವೇನೂ ಅವನಿಗಿರಲಿಲ್ಲ. ಸಮವಸ್ತ್ರ ಹೊಲಿಯುವ ಅವನ ಅಂಗಡಿ ನಡೆದು ಹೋಗುವಷ್ಟು ಹತ್ತಿರದಲ್ಲೇ ಇತ್ತು. ಬೈಕಿನ ಹಿಂದಿನ ಒಡೆಯ ಷೋಕಿಲಾಲ. ಸೈಲೆನ್ಸರಿನ ಒಳಗಿದ್ದುದನ್ನೆಲ್ಲ ಕಿತ್ತು ಬಿಸಾಕಿ, ಅದನ್ನು ಬರೀ ಟೊಳ್ಳು ಕೊಳವೆ ಮಾಡಿಟ್ಟಿದ್ದ. ಕಿಕ್ ಹೊಡೆದರೆ ಬೀದಿ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು, ಕಿಟಕಿಯ ಗಾಜುಗಳು ಗದಗದ ನಡುಗುತ್ತಿದ್ದವು. ಟೇಲರಿಗೆ ಹಿಡಿಸಿದ್ದೇ ಅದು. ಆ ಸದ್ದಿನ ಮೇಲೆ ಕುಳಿತುಬಿಟ್ಟರೆ ತನ್ನ ತಲೆಯೊಳಗಿನ ಮಾತು ಯಾವುದೂ ತನಗೆ ಕೇಳಿಸುತ್ತಿರಲಿಲ್ಲ.

ಭಾನುವಾರ ಮಾತ್ರ ಅವನು ಒಬ್ಬನೇ ಇರುತ್ತಿರಲಿಲ್ಲ. ಮಗಳನ್ನು ಅವಳ ಅಮ್ಮನ ಮನೆಯಿಂದ ಕರೆದುಕೊಂಡು ಬಂದು, ಊರೆಲ್ಲ ಸುತ್ತಿಸಿ, ಬೇಕರಿಯಲ್ಲಿ ಏನಾದರೂ ತಿನ್ನಿಸಿ, ಸಂಜೆಗೆ ಮತ್ತೆ ಬಿಟ್ಟು ಬರುತ್ತಿದ್ದ. ಕೂಸಾಗಿದ್ದಾಗ ಅವಳು ಅಪ್ಪನ ಅಂಗಿಯ ಗುಂಡಿಯೊಂದನ್ನು ಕಿತ್ತು ನುಂಗಿ ಎಲ್ಲರ ಜೀವ ಬಾಯಿಗೆ ತಂದಿದ್ದಳು. ಅಂದಿನಿಂದ ಅವನಿಗೆ ಅವಳು ಗುಂಡಿ. ಈಗ ಗುಂಡಿಗೆ ಹದಿಮೂರು ತುಂಬಿತ್ತು. ಅಪ್ಪನ ಬೈಕು ಎಂದರೆ ನಾಚಿಕೆಪಡುವ ವಯಸ್ಸು. ಗೇಟಿನ ಹತ್ತಿರ ನಿಲ್ಲುವುದನ್ನು ಬಿಟ್ಟು ಬೀದಿಯ ತಿರುವಿನಲ್ಲಿ ಬಂದು ನಿಲ್ಲುತ್ತಿದ್ದಳು.

ಅಂಥ ಒಂದು ಭಾನುವಾರ, ಸೇತುವೆಯ ಮೇಲೆ ಹೋಗುತ್ತಿರುವಾಗ, ಗುಂಡಿ ಮುಂದಕ್ಕೆ ಬಾಗಿ ಅವನ ಕಿವಿಯಲ್ಲಿ ಏನೋ ಕೂಗಿದಳು. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳು ಇನ್ನೊಮ್ಮೆ ಕೂಗಿದಳು. ಕೊನೆಯಲ್ಲೊಂದು ಪ್ರಶ್ನೆ ಇದ್ದಂತೆ ಕಂಡಿತು. ಐಸ್‌ಕ್ರೀಮಿನದೋ, ಸಿನಿಮಾದ್ದೋ ಇರಬೇಕೆಂದುಕೊಂಡು, ತಲೆಯಾಡಿಸಿ, "ಸರಿ ಸರಿ! ಅದಕ್ಕೇನಂತೆ!" ಎಂದು ಗಂಟಲು ಹರಿಯುವಂತೆ ಕೂಗಿದ.

ಅವನ ಸೊಂಟ ಹಿಡಿದಿದ್ದ ಎರಡು ಕೈಗಳೂ ಸಡಿಲವಾದವು. ಉಳಿದ ದಾರಿಯುದ್ದಕ್ಕೂ ಅವಳು ಹಿಂದಿನ ಕಂಬಿ ಹಿಡಿದು ಕುಳಿತಳು. ಬೇಕರಿಯಲ್ಲಿ ಬನ್ನನ್ನು ಅರ್ಧಕ್ಕೇ ಬಿಟ್ಟಳು.

"ಯಾಕೆ, ಸೇರಲಿಲ್ವಾ?"

"ಹೊಟ್ಟೆ ತುಂಬಿದೆ."

"ಆಗಲೇ ಏನೋ ಹೇಳ್ತಿದ್ದೆ..."

"ಹೇಳಿದ್ನಲ್ಲ," ಎಂದಳು ಗುಂಡಿ, ತಟ್ಟೆಯಿಂದ ಮುಖ ಎತ್ತದೆ. "ನೀನೂ ಸರಿ ಅಂದ್ಯಲ್ಲ."

ಕೇಳಿಸಲೇ ಇಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ವಾರಕ್ಕೊಮ್ಮೆ ಸಿಗುವ ಮಗಳ ಮುಂದೆ, ಅವಳ ಮಾತೇ ನನಗೆ ತಲುಪಲಿಲ್ಲ ಎಂದು ಒಪ್ಪಿಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ. "ಹೌದು ಹೌದು," ಎಂದು ಚಹಾ ಕುಡಿದ.

ಆ ವಾರವಿಡೀ ಅವನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕಾವಲುಗಾರನ ಅಂಗಿಯೊಂದಕ್ಕೆ ಎರಡೂ ಎಡತೋಳು ಕತ್ತರಿಸಿಟ್ಟು ಪಕ್ಕದ ಯಂತ್ರದವನ ಕೈಯಲ್ಲಿ ನಗಿಸಿಕೊಂಡ. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಕೂಡಲೇ ನೇರ ಬೈಕಿನ ಬಿಡಿಭಾಗ ಮಾರುವ ಅಂಗಡಿಗೆ ಹೋದ. ಅಲ್ಲಿ ಕುಳಿತಿದ್ದವಳು ಕನ್ನಡಕವನ್ನು ನೆತ್ತಿಗೇರಿಸಿಕೊಂಡ ದಪ್ಪ ಹೆಂಗಸು.

"ಎಲ್ಲರೂ ಸದ್ದು ಜಾಸ್ತಿ ಮಾಡೋಕೆ ಬರ್ತಾರೆ," ಎಂದಳು ಅವಳು. "ಕಮ್ಮಿ ಮಾಡಿ ಅಂತ ಬಂದವರು ನೀವೇ ಮೊದಲು."

"ಹಿಂದೆ ಕೂತ ಮಗಳ ಮಾತು ಕೇಳಿಸಲ್ಲ."

"ನಂಗೂ ಒಬ್ಬಳಿದ್ದಾಳೆ. ಕೇಳಿಸದೇ ಇದ್ರೇ ವಾಸಿ ಅನ್ಸತ್ತೆ ಒಂದೊಂದ್ಸಲ," ಎಂದು ನಕ್ಕು, ಬ್ಯಾಫಲ್ ಒಂದನ್ನು ತೆಗೆದು ಅವನ ಕೈಗಿಟ್ಟಳು. ಮೈತುಂಬ ತೂತುಗಳಿದ್ದ ಗೇಣುದ್ದದ ಉಕ್ಕಿನ ಕೊಳವೆ. "ಸೈಲೆನ್ಸರ್ ಬಾಯಿಂದ ಇದನ್ನ ಒಳಗೆ ಜಾರಿಸೋದು, ಒಂದು ಬೋಲ್ಟ್ ಹಾಕಿ ಬಿಗಿ ಮಾಡೋದು, ಅಷ್ಟೇ. ಸದ್ದೆಲ್ಲ ಇದು ನುಂಗ್ಕೊಳ್ಳತ್ತೆ. ಆದ್ರೆ ಬೋಲ್ಟಿಗೆ ಸೈಲೆನ್ಸರಲ್ಲಿ ತೂತು ಕೊರೀಬೇಕು. ಅಲ್ಲೇ ಇರೋದು ಪೇಚಾಟ. ಮೊದಲು ಮೊಳೆ ಇಟ್ಟು ಒಂದು ಗುರುತು ಕುಟ್ಟಿ, ಇಲ್ಲಾಂದ್ರೆ ಡ್ರಿಲ್ ಜಾರತ್ತೆ. ಡ್ರಿಲ್ಲಿನ ಸಣ್ಣ ಮುಳ್ಳಿಂದ ಶುರು ಮಾಡಿ, ಆಮೇಲೆ ದೊಡ್ಡದು. ಎಣ್ಣೆ ಬಿಡ್ತಾ ಇರಿ. ಹಲ್ಲು ಕಚ್ಕೊಂಡು ಒತ್ತಬೇಡಿ."

ತನ್ನದೇ ಡ್ರಿಲ್ ಯಂತ್ರವನ್ನು ಚೀಲಕ್ಕೆ ಹಾಕಿಕೊಟ್ಟು, ಸೋಮವಾರ ತಂದುಕೊಡಿ ಎಂದಳು. ಅವನು ಮೆಟ್ಟಿಲಿಳಿಯುತ್ತಿದ್ದಾಗ ಹಿಂದಿನಿಂದ ಕೂಗಿ ಹೇಳಿದಳು: "ಜೊತೆಗೆ ಯಾರನ್ನಾದ್ರೂ ಇಟ್ಕೊಳ್ಳಿ, ಹಿಡ್ಕೊಳ್ಳೋಕೆ!"

ಅವನು ಸೈಲೆನ್ಸರನ್ನು ಬಿಚ್ಚಿ, ಹಳೆಯ ಚಾದರದಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಮಹಡಿ ಹತ್ತಿದ. ಅವನದು ಒಂದೇ ಕೋಣೆ. ಗೋಡೆಗೆ ಮಂಚ, ಕಿಟಕಿಗೆ ಇಸ್ತ್ರಿ ಮೇಜು, ಮೂಲೆಯಲ್ಲಿ ಒಲೆ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಸೈಲೆನ್ಸರನ್ನು ಮಲಗಿಸಿದ. ಬ್ಯಾಫಲ್‌ನ ಅಂಚಿನಿಂದ ಅದರ ಬೋಲ್ಟಿನ ತೂತಿನವರೆಗೆ ತನ್ನ ಅಳತೆ ಟೇಪು ಹಿಡಿದ. ಅದೇ ಅಳತೆಯನ್ನು ಸೈಲೆನ್ಸರಿನ ಕೆಳಮೈಗೆ, ಯಾರ ಕಣ್ಣಿಗೂ ಬೀಳದ ಕಡೆಗೆ ವರ್ಗಾಯಿಸಿ, ಬಟ್ಟೆಗೆ ಗೀರುವ ಸೀಮೆಸುಣ್ಣದಲ್ಲಿ ಕತ್ತರಿ ಗುರುತು ಹಾಕಿದ. ಇದೆಲ್ಲ ಅವನ ಕಸುಬೇ. ಇಷ್ಟು ಚೆಂದದ ಗುರುತಿರುವಾಗ ಮೊಳೆ ಯಾಕೆ ಎಂದುಕೊಂಡು ಡ್ರಿಲ್ ಇಟ್ಟು ಒತ್ತಿಯೇಬಿಟ್ಟ.

ಬಟ್ಟೆ ಸೂಜಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕಬ್ಬಿಣ ಬಿಟ್ಟುಕೊಳ್ಳಲಿಲ್ಲ. ದುಂಡು ಮೈಯ ಮೇಲೆ ಮುಳ್ಳು ಕಿರ್ರನೆ ಜಾರಿ, ಹೊಳೆಯುವ ಕ್ರೋಮಿನ ಉದ್ದಕ್ಕೂ ಬೆಕ್ಕು ಪರಚಿದಂಥ ಗೀರೊಂದನ್ನು ಎಳೆದು, ಮೇಜಿನ ಬಟ್ಟೆಯನ್ನು ಸುತ್ತಿಕೊಂಡು ನಿಂತಿತು. ಸೈಲೆನ್ಸರ್ ಉರುಳಿ ಬೀಳುವುದರೊಳಗೆ ಅವನು ಮೊಣಕಾಲು ಕೊಟ್ಟು ತಡೆದ.

"ಒಂಚೂರು ಹಿಡ್ಕೋ ಬಾರೆ," ಎಂದ, ಜೋರಾಗಿಯೇ.

ಮಾತು ಬಾಯಿಂದ ಬಿದ್ದಮೇಲೆ ಅವನಿಗೆ ಅದು ಕೇಳಿಸಿತು. ಹೊಸ ಪರದೆ ನೇತುಹಾಕುವಾಗ, ಕಪಾಟು ಸರಿಸುವಾಗ, ಹೆಂಡತಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿಹೋಗಿದ್ದ ಮಾತು. ಯಂತ್ರವನ್ನು ಕೆಳಗಿಟ್ಟು ಮಂಚದ ಮೇಲೆ ಕುಳಿತ. ಎದುರುಮನೆಯ ಮಹಡಿಯಲ್ಲಿ ಯಾರೋ ಒಣಗಿದ ಬಟ್ಟೆ ತೆಗೆಯುತ್ತಿದ್ದರು, ಇಬ್ಬರು ಚಾದರದ ಎರಡೆರಡು ಮೂಲೆ ಹಿಡಿದು ಮಡಿಸುತ್ತಿದ್ದರು. ಅವರು ಒಳಗೆ ಹೋಗುವವರೆಗೂ ನೋಡುತ್ತ ಕುಳಿತಿದ್ದ.

ಆಮೇಲೆ ಎದ್ದು, ಸೊಂಟಪಟ್ಟಿಗೆಂದು ತಂದಿಟ್ಟಿದ್ದ ಅಗಲ ಇಲಾಸ್ಟಿಕ್ಕಿನಿಂದ ಸೈಲೆನ್ಸರನ್ನು ಮೇಜಿಗೆ ಬಿಗಿದು ಕಟ್ಟಿದ. ಗುರುತಿನ ಮೇಲೆ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಹೊಸದಾಗಿ ಗುರುತು ಹಾಕಿ, ಮೊಳೆ ಇಟ್ಟು ಕುಟ್ಟಿದ. ಸಾಸಿವೆ ಕೂರುವಷ್ಟು ಕುಳಿ ಬಿತ್ತು. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟು, ಸಣ್ಣ ಮುಳ್ಳನ್ನು ನೆಟ್ಟಗೆ ಹಿಡಿದು, ಯಂತ್ರವನ್ನು ನಿಧಾನಕ್ಕೆ ತಿರುಗಲು ಬಿಟ್ಟ. ಒತ್ತಲಿಲ್ಲ, ಕೈಯ ಭಾರ ಮಾತ್ರ ಕೊಟ್ಟ. ಉಕ್ಕು ನೂಲಿನಂತೆ ಸುರುಳಿ ಸುರುಳಿಯಾಗಿ ಮೇಲೆ ಬರತೊಡಗಿತು. ಮುಳ್ಳು ಆಚೆಗೆ ತೂರುವ ಹೊತ್ತಿನಲ್ಲಿ ಗಕ್ಕನೆ ಕಚ್ಚಿಕೊಳ್ಳುತ್ತದೆಂದು ಕೈಗೇ ತಿಳಿಯಿತು. ಭಾರ ಇನ್ನಷ್ಟು ಇಳಿಸಿದ. ಆಮೇಲೆ ದೊಡ್ಡ ಮುಳ್ಳು, ಮತ್ತೆ ಎಣ್ಣೆ. ತೂತಿನ ಅಂಚಿನಲ್ಲಿ ಎದ್ದ ಚೂಪು ಸಿಬಿರನ್ನು ಸಣ್ಣ ಅರದಿಂದ ಉಜ್ಜಿ ಬೆರಳಾಡಿಸಿ ನೋಡಿದ. ಒಳಗೆ ಬಿದ್ದ ಚೂರುಗಳನ್ನು, ನೆಲಕ್ಕೆ ಬಿದ್ದ ಗುಂಡುಸೂಜಿ ಎತ್ತುವ ಅಯಸ್ಕಾಂತಕ್ಕೆ ದಾರ ಕಟ್ಟಿ ಇಳಿಬಿಟ್ಟು ಹಿಡಿದೆತ್ತಿದ. ಬ್ಯಾಫಲ್ ಒಳಗೆ ಜಾರಿತು. ತೂತಿಗೆ ತೂತು ಕೂಡಿತು, ಬೋಲ್ಟು ತಕರಾರಿಲ್ಲದೆ ಇಳಿಯಿತು.

ಚೆನ್ನಾಗಿ ಬಂತು ಎಂದು ಹೇಳಿಕೊಳ್ಳಬೇಕೆನಿಸಿತು. ಹೇಳಿಕೊಳ್ಳಲು ಸಿಕ್ಕವನು ಕೆಳಗಿನ ಮನೆಯ ಮಾಲೀಕ ಒಬ್ಬನೇ. ಸೈಲೆನ್ಸರ್ ಜೋಡಿಸಿ ಬೈಕು ಚಾಲೂ ಮಾಡಿದಾಗ ಅವನು ಬಾಗಿಲಿಗೆ ಬಂದು ನಿಂತ.

"ಏನ್ರೀ ಟೇಲರೇ, ಬೇರೆ ಗಾಡಿನಾ? ನಿಮ್ಮನ್ನ ನಂಬ್ಕೊಂಡು ಅಲಾರಂ ಇಡೋದೇ ಬಿಟ್ಟಿದ್ದೆ ನಾನು."

"ಅದೇ ಗಾಡಿ. ನಾನೇ ಕೊರೆದು ಹಾಕ್ದೆ," ಎಂದ ಟೇಲರ್.

"ಓಹೋ," ಎಂದು ಮಾಲೀಕ ಒಳಗೆ ಹೋದ.

ಮರುದಿನ ಬೀದಿಯ ತಿರುವಿನಲ್ಲಿ ನಿಂತಿದ್ದ ಗುಂಡಿಗೆ ಅವನು ಹತ್ತಿರ ಬಂದು ನಿಂತದ್ದೂ ಗೊತ್ತಾಗಲಿಲ್ಲ. ಹಾರನ್ ಹೊಡೆದಾಗ ಬೆಚ್ಚಿಬಿದ್ದಳು.

"ಅಯ್ಯೋ, ಏನಪ್ಪಾ ಇದು, ಗಾಡಿಗೆ ಗಂಟಲು ಕಟ್ಟಿದ್ಯಾ?"

"ಔಷಧಿ ಹಾಕಿದೀನಿ. ಹತ್ತು."

ಇಂಜಿನ್ನಿನ ಗುರುಗುರು ಈಗ ಕಾಲಡಿಯಲ್ಲೇ ಉಳಿಯುತ್ತಿತ್ತು. ಚೈನಿನ ಸದ್ದು, ಗಾಳಿಗೆ ಅವಳ ದುಪಟ್ಟಾ ಬಡಿಯುವ ಸದ್ದು, ಎಲ್ಲ ಕೇಳಿಸುತ್ತಿತ್ತು. ಸೇತುವೆ ದಾಟಿದ ಮೇಲೆ ಅವನು ಧೈರ್ಯ ಮಾಡಿದ.

"ಗುಂಡಿ, ಹೋದ ವಾರ ನೀನು ಹೇಳಿದ್ದು ನಂಗೆ ಕೇಳಿಸ್ಲೇ ಇಲ್ಲ ಕಣೆ. ಸುಮ್ನೆ ಸರಿ ಸರಿ ಅಂದ್ಬಿಟ್ಟೆ."

ಅವಳು ಸೀಟಿನ ಮೇಲೆ ಮುಂದಕ್ಕೆ ಸರಿದಳು.

"ಕೇಳಿಸ್ಲೇ ಇಲ್ವಾ?"

"ಒಂದಕ್ಷರಾನೂ ಇಲ್ಲ."

"ಅಪ್ಪಾ," ಎಂದಳು. ಅವಳ ದನಿ ಅವನ ಬೆನ್ನಿಗೆ ಒತ್ತಿಕೊಂಡಿತ್ತು. "ಅಮ್ಮಂಗೆ ದೂರದ ಊರಲ್ಲಿ ಕೆಲಸ ಸಿಕ್ಕಿದೆ. ಪರೀಕ್ಷೆ ಮುಗಿದ್ಮೇಲೆ ಹೋಗ್ತೀವಿ. ಅಮ್ಮ ತಾನೇ ಫೋನ್ ಮಾಡ್ತೀನಿ ಅಂದ್ಳು. ನಾನೇ ಹೇಳ್ತೀನಿ ಅಂದೆ. ನಾನು ಹೋದ್ರೆ ನಿಂಗೆ ಬೇಜಾರಿಲ್ವಾ ಅಂತ ಕೇಳ್ದೆ. ನೀನು ಅದಕ್ಕೇನಂತೆ ಅಂದೆ."

ಅವನು ಬೈಕನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಇಳಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಈ ಒಂದು ವಾರ ಅವಳು ಯಾವ ಉತ್ತರವನ್ನು ಹೊತ್ತುಕೊಂಡು ಓಡಾಡಿರಬೇಕೆಂದು ಲೆಕ್ಕ ಹಾಕುತ್ತ ಇಂಜಿನ್ ಆರಿಸಿದ.

"ಕೇಳಿಸಿದ್ರೆ ಏನಂತಿದ್ದೆ?" ಗುಂಡಿ ಕೇಳಿದಳು.

"ಹೋಗ್ಬೇಡ ಅಂತಿದ್ದೆ." ಕನ್ನಡಿಯ ಮೇಲಿನ ಧೂಳು ಒರೆಸಿ, "ಆಮೇಲೆ, ಹೋಗು ಅಂತಿದ್ದೆ," ಎಂದ.

"ಎರಡೂ?"

"ಎರಡೂನೂ."

ಅವಳು ಮೂಗೆಳೆದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಅವಳ ಕೈಗಳು ಬಂದು ಅವನ ಹೊಟ್ಟೆಯ ಮುಂದೆ ಬೆರಳು ಹೆಣೆದುಕೊಂಡವು. ಆ ದಿನ ಬೇಕರಿ ಮುಚ್ಚುವ ಹೊತ್ತಿನವರೆಗೆ ಇಬ್ಬರೂ ಅಲ್ಲೇ ಕುಳಿತರು. ಅವಳು ಗೆಳತಿಯರ ಜಗಳ ಹೇಳಿದಳು, ಗಣಿತದ ಮೇಷ್ಟ್ರ ನಡಿಗೆಯನ್ನು ಮಾಡಿ ತೋರಿಸಿದಳು, ಅಲ್ಲಿ ಸಮುದ್ರ ಇದೆಯಂತೆ ಎಂದಳು.

ಪರೀಕ್ಷೆ ಮುಗಿಯಿತು. ಸಾಮಾನು ಲಾರಿಗೆ ಏರಿಸುವ ದಿನ ಟೇಲರ್ ಹೋಗಿದ್ದ. ಹೆಂಡತಿ ಅವನಿಗೂ ಒಂದು ಲೋಟ ನೀರು ತಂದುಕೊಟ್ಟಳು. "ಆಗಾಗ ಬಾ," ಎಂದಳು. ಗುಂಡಿ ಲಾರಿಯ ಹಿಂದೆ ಕಾರಿನಲ್ಲಿ ಕೈಬೀಸುತ್ತ ಹೋದಳು. ಬರಿದಾದ ಮನೆಯ ಬಾಗಿಲನ್ನು ಎಳೆದು ಮುಚ್ಚಿದವನು ಅವನೇ.

ಮುಂದಿನ ಭಾನುವಾರ ಅಭ್ಯಾಸಬಲದಿಂದ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡ. ಬೈಕು ತೆಗೆದು ಹೊರಟವನಿಗೆ ಎಲ್ಲಿಗೆಂದು ಗೊತ್ತಿರಲಿಲ್ಲ. ತಲೆಯೊಳಗಿನ ಮಾತೆಲ್ಲ ಈಗ ದಾರಿಯುದ್ದಕ್ಕೂ ಚೆನ್ನಾಗಿ ಕೇಳಿಸುತ್ತಿತ್ತು. ಬ್ಯಾಫಲ್ ಬಿಚ್ಚಿ ಎಸೆದುಬಿಡಲೇ ಎಂದು ಒಮ್ಮೆ ಯೋಚಿಸಿದ. ಬಿಚ್ಚಲಿಲ್ಲ. ರೈಲ್ವೆ ಗೇಟಿನ ಹತ್ತಿರ ರೈಲು ಹೋಗುವವರೆಗೆ ನಿಂತಿದ್ದು, ಗೇಟು ತೆರೆದಾಗ ವಾಪಸು ತಿರುಗಿಸಿಕೊಂಡು ಬಂದ.

ಸಂಜೆ ಫೋನ್ ಬಂತು.

"ಅಪ್ಪಾ, ಇಲ್ಲಿ ಯೂನಿಫಾರ್ಮ್ ಲಂಗ ಕೊಟ್ಟಿದಾರೆ, ನೆಲ ಗುಡಿಸತ್ತೆ! ಎಷ್ಟು ಮಡಿಸ್ಬೇಕು ಹೇಳು."

"ಮಂಡಿಯಿಂದ ಎಷ್ಟು ಕೆಳಗೆ ಬರತ್ತೆ ಅಳೆದು ಹೇಳು, ಹೇಳ್ತೀನಿ."

"ಇರು, ಸ್ಕೇಲ್ ಎಲ್ಲಿದೆಯೋ... ಇಡ್ಬೇಡ ಫೋನು," ಎಂದು ಓಡಿದಳು.

ಅವನು ಕಿವಿಗೆ ಒತ್ತಿ ಹಿಡಿದುಕೊಂಡೇ ನಿಂತ. ಅವನು ಕಾಣದ ಆ ಮನೆಯಲ್ಲಿ ಎಲ್ಲೋ ಪಾತ್ರೆ ಬಿತ್ತು. ಯಾವುದೋ ಕಪಾಟಿನ ಬಾಗಿಲು ಕಿರುಗುಟ್ಟಿತು. ಅದಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟರೆ ಸಾಕು ಎಂದುಕೊಂಡ. ಹೆಂಡತಿ ಯಾವುದಕ್ಕೋ ನಕ್ಕಳು. ಡಬ್ಬ ತೆರೆಯುವ, ಎಳೆಯುವ, ಹುಡುಕುವ ಸದ್ದುಗಳು ಬರುತ್ತಲೇ ಇದ್ದವು. ಸ್ಕೇಲು ಬೇಗ ಸಿಗದಿರಲಿ ಎಂದುಕೊಳ್ಳುತ್ತ ಅವನು ಗೋಡೆಗೆ ಒರಗಿ ಕೇಳುತ್ತಿದ್ದ.