ಬಿಜಲಿಯ ಮೊರ

ನಾನು ಒಂದು ತಗಡಿನ ಮೊರ. ಬಸ್ ಸ್ಟ್ಯಾಂಡಿನ ಹಿಂದೆ ದಸ್ತಗೀರ್ ಸಾಬರು ಖಾಲಿ ಎಣ್ಣೆ ಡಬ್ಬ ಕತ್ತರಿಸಿ, ಬಡಿದು, ಅಂಚು ಮಡಚಿ ನನ್ನನ್ನು ಮಾಡಿದರು. ಮೊದಲು ಸೇರಿದ್ದು ಹಿಟ್ಟಿನ ಗಿರಣಿಗೆ. ಬಿಸಿಬಿಸಿ ಜೋಳದ ಹಿಟ್ಟು, ಘಮಘಮ! ಗಿರಣಿ ಮುಚ್ಚಿದಾಗ ಪಕ್ಕದ ಪೊಲೀಸ್ ಶ್ವಾನದಳದವರು ನನ್ನನ್ನು ಎತ್ತಿಕೊಂಡು ಹೋದರು. ಯಾತಕ್ಕೆ? ನಾಯಿಯ ಹೇಲು ತೆಗೆಯಲಿಕ್ಕೆ. ಹಿಟ್ಟು ಹೊತ್ತ ಮೈಗೆ ಇದೆಂಥ ಗತಿ ಬಂತಪ್ಪಾ ಎಂದು ವಾರವೆಲ್ಲ ಅತ್ತೆ. ತಗಡಿನ ಅಳು ಯಾರಿಗೆ ಕೇಳಿಸೀತು?

ನಾಯಿಯ ಹೆಸರು ಬಿಜಲಿ. ಕಳ್ಳರ ಜಾಡು ಹಿಡಿಯುವ ಹೆಣ್ಣು ಡಾಬರ್‌ಮನ್. ಅವಳನ್ನು ನೋಡಿಕೊಳ್ಳುವವನು ಹೆಡ್ ಕಾನ್‌ಸ್ಟೇಬಲ್ ಯಮನೂರಪ್ಪ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಅವನ ವಾಸ ಬ್ಯಾರಕ್ಕಿನಲ್ಲಿ. ದಿನಾ ಬೆಳಗ್ಗೆ ಆರಕ್ಕೆ ನನ್ನನ್ನು ಬೆಳಕಿಗೆ ಹಿಡಿದು, ಮೇಲಿದ್ದದ್ದನ್ನು ಕಡ್ಡಿಯಿಂದ ಕೆದಕಿ ನೋಡುತ್ತಿದ್ದ. ಕಂದು ಬಣ್ಣ, ಗಟ್ಟಿ ಇದ್ದರೆ ಚಿಂತೆಯಿಲ್ಲ. ಅಕ್ಕಿಕಾಳಿನಂಥ ಬಿಳಿ ಚೂರು ಕಂಡರೆ ಜಂತು. ಕಂಡದ್ದನ್ನು ಗೋಡೆಯ ಪಟ್ಟಿಯಲ್ಲಿ ಬರೆಯಬೇಕು, ದಳದ ನಿಯಮ. ಉಳಿದ ಪೊಲೀಸರು ನಗುತ್ತಿದ್ದರು. "ನಾಯಿ ಬಾಯಿಬಿಟ್ಟು ಹೇಳಂಗಿಲ್ಲ. ಅದರ ಹೇಲು ಹೇಳ್ತೈತಿ" ಎನ್ನುತ್ತಿದ್ದ ಅವನು. ಆ ಮಾತು ಕೇಳಿದ ಮೇಲೆ ನನಗೂ ಸ್ವಲ್ಪ ಸೊಕ್ಕು ಬಂತು.

ಬಿಜಲಿಗೆ ಎಂಟು ವರ್ಷವಾದಾಗ ಅವಳ ಹಿಂಗಾಲು ಕುಂಟತೊಡಗಿತು. ಓಟದ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಫೇಲಾದ ನಾಯಿಯನ್ನು ನಿವೃತ್ತಿ ಮಾಡಿ ದೂರದೂರಿನ ನಾಯಿಗಳ ಆಶ್ರಯಕ್ಕೆ ಕಳಿಸುತ್ತಾರೆ, ಬ್ಯಾರಕ್ಕಿನಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಯಮನೂರಪ್ಪ ತನ್ನ ಮೊಣಕಾಲು ನೋವಿನ ಗುಳಿಗೆಯನ್ನು ಮುರಿದು, ರೊಟ್ಟಿ ಚೂರಿನಲ್ಲಿಟ್ಟು ಅವಳಿಗೆ ತಿನ್ನಿಸಿದ. ಕುಂಟು ಮಾಯವಾಯಿತು. ದಿನಾ ತಿನ್ನಿಸಿದ.

ಆರನೇ ಬೆಳಗ್ಗೆ ನನ್ನ ಮೇಲೆ ಬಿದ್ದದ್ದು ಕರ್ರಗಿತ್ತು. ಡಾಂಬರಿನಂತೆ ಅಂಟು, ಹಿಂದೆಂದೂ ಇಲ್ಲದ ಕೆಟ್ಟ ವಾಸನೆ. ಅವನು ಬಹಳ ಹೊತ್ತು ನೋಡಿದ. ನಿನ್ನೆ ಊಟದಲ್ಲಿ ಲಿವರ್ ಜಾಸ್ತಿಯಾಗಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಪಟ್ಟಿಯಲ್ಲಿ ಬರೆದದ್ದು ಮಾತ್ರ "ಕಂದು, ಗಟ್ಟಿ" ಎಂದು. ಮರುದಿನವೂ ಕಪ್ಪು, ಅದರ ಮರುದಿನವೂ ಕಪ್ಪು; ಪಟ್ಟಿಯಲ್ಲಿ ಎರಡೂ ದಿನ ಕಂದು. ಅಯ್ಯೋ ಮಾರಾಯ, ಇದು ಲಿವರ್ ಅಲ್ಲೋ ಎಂದು ಕೂಗಬೇಕೆನ್ನಿಸಿತು. ನನಗೆ ಬಾಯಿ ಎಲ್ಲಿದೆ?

ಕಪ್ಪು ಕಂಡ ನಾಲ್ಕನೇ ದಿನ ಬಿಜಲಿ ಏಳಲಿಲ್ಲ. ತುಟಿ ಎತ್ತಿ ನೋಡಿದರೆ ಒಸಡು ಬೆಳ್ಳಗೆ. ಯಮನೂರಪ್ಪ ನನ್ನ ಮೇಲಿದ್ದ ಕಪ್ಪು ಹೇಲಿಗೆ ಪೇಪರ್ ಮುಚ್ಚಿ, ನನ್ನನ್ನೂ ಅವಳನ್ನೂ ಜೀಪಿಗೆ ಹಾಕಿ ಪಶು ಆಸ್ಪತ್ರೆಗೆ ಓಡಿದ. ಡಾಕ್ಟರ್ ನಸೀಮಾ ಮೇಡಂ ಪೇಪರ್ ಎತ್ತಿ ನೋಡಿದರು. ಇದಕ್ಕೆ ಏನು ಕೊಟ್ಟಿದ್ದೀರಿ ಎಂದು ಕೇಳಿದರು. ಹೇಳಿದರೆ ಬಿಜಲಿಯ ಕೆಲಸ ಮುಗಿಯುತ್ತದೆ. ಹೇಳದಿದ್ದರೆ ಬಿಜಲಿಯೇ ಮುಗಿಯುತ್ತಾಳೆ.

"ನನ್ನ ನೋವಿನ ಗುಳಿಗಿ ತಿನ್ಸೀನ್ರಿ ಮೇಡಂ. ಆಕೀನ್ನ ಎಲ್ಲಿ ಕಳಸ್ತಾರೋ ಅಂತ."

ಮನುಷ್ಯರ ಗುಳಿಗೆಯಿಂದ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿದೆ, ಆ ರಕ್ತವೇ ಕರುಳಿನಲ್ಲಿ ಕಪ್ಪಾಗಿ ಬರುತ್ತಿದೆ ಎಂದರು ಮೇಡಂ. ಮೊದಲ ದಿನವೇ ತರಬೇಕಿತ್ತು ಎಂದೂ ಅಂದರು.

ಬಿಜಲಿ ಬದುಕಿದಳು. ವಾಪಸು ಬಂದ ಯಮನೂರಪ್ಪ ಪಟ್ಟಿಯ ಮೂರು ಸುಳ್ಳನ್ನು ಹೊಡೆದುಹಾಕಿ, "ಕಪ್ಪು" ಎಂದು ಬರೆದು ಸಹಿ ಹಾಕಿದ. ತಿಂಗಳ ನಂತರ ಆಶ್ರಯದ ವ್ಯಾನು ಬಂದು ಅವಳನ್ನು ಕರೆದುಕೊಂಡು ಹೋಯಿತು.

ಹೊಸ ನಾಯಿ ಬಂದಿದೆ; ಅದಕ್ಕೆ ಬೇರೆ ಪೊಲೀಸ್, ಉದ್ದ ಹಿಡಿಯ ಪ್ಲಾಸ್ಟಿಕ್ ಮೊರ. ನಾನು ಬಿಜಲಿಯ ಖಾಲಿ ಗೂಡಿನ ಮೊಳೆಯಲ್ಲಿ ತುಕ್ಕು ಹಿಡಿದು ನೇತಾಡುತ್ತೇನೆ. ಹೇಲು ಹೊರಬೇಕಾಯಿತಲ್ಲ ಎಂದು ಅತ್ತಿದ್ದೆ ನಾನು. ಈಗ ಹೊರಲು ಏನೂ ಇಲ್ಲವಲ್ಲ ಎಂದು ಅಳು ಬರುತ್ತದೆ.

ಬೆಳಗ್ಗೆ ಆರಕ್ಕೆ ಯಮನೂರಪ್ಪ ಈಗಲೂ ಬರುತ್ತಾನೆ. ಆಶ್ರಯಕ್ಕೆ ಫೋನ್ ಮಾಡುತ್ತಾನೆ. ಹೇಗಿದ್ದಾಳೆ, ಉಂಡಳಾ ಎಂದು ಕೇಳುವುದಿಲ್ಲ.

"ಇವತ್ತ ಯಾವ ಬಣ್ಣ ಐತ್ರಿ?"

ಆ ಕಡೆಯವರು ಹೇಳಿದ್ದನ್ನು ಹಳೆಯ ಪಟ್ಟಿಯ ಅಂಚಿನಲ್ಲಿ ಬರೆಯುತ್ತಾನೆ. ಆಮೇಲೆ ನನ್ನನ್ನು ಮೊಳೆಯಿಂದ ಇಳಿಸಿ, ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆಯುತ್ತಾನೆ. ನನಗೆ ಏನೂ ಮೆತ್ತಿರುವುದಿಲ್ಲ. ಆದರೂ ತೊಳೆಯುತ್ತಾನೆ.